ನಿಮ್ಮ ‘ಬಲೆನೊ’ ಲೇಖನ ವಾಪಸ್ ಬರುತ್ತಿರುವುದೇಕೆ

ನಮಸ್ಕಾರ.

‘ಬಲೆನೊ: ತಾತನಿಂದ ಮೊಮ್ಮಗನವರೆಗೆ’ ಓದಿದೆವು. ಈಗಿರುವಂತೆ ಹಾಕಲಾಗುವುದಿಲ್ಲ. ಭಾಷೆ ಸರಾಗವಾಗಿದೆ, ವಿಷಯವೂ ಒಳ್ಳೆಯದೇ. ಎಡವಟ್ಟು ತಲೆಬರಹದಲ್ಲೇ ಶುರುವಾಗಿದೆ. 1999ರ ಬಲೆನೊ, 2015ರ ಬಲೆನೊ ಎರಡೂ ಸುಜುಕಿ ಮನೆಯ ಕಾರುಗಳೇ, ನಿಜ. ಆದರೆ ಒಂದರಿಂದ ಇನ್ನೊಂದು ಹುಟ್ಟಿಲ್ಲ.

1999ರಲ್ಲಿ ಮಾರುತಿ ತಂದ ಬಲೆನೊ ಹಿಂದೆ ಡಿಕ್ಕಿ ಚಾಚಿಕೊಂಡ ಸೆಡಾನ್, 1,590 ಸಿಸಿ ಪೆಟ್ರೋಲ್ ಎಂಜಿನ್. ಜಪಾನಿನಲ್ಲಿ ಅದರ ಹೆಸರು ಕಲ್ಟಸ್ ಕ್ರೆಸೆಂಟ್. 2007ರಲ್ಲಿ ಅದು ನಿಂತು, ಆ ಜಾಗಕ್ಕೆ ಎಸ್‌ಎಕ್ಸ್4 ಬಂತು. 2015ರ ಅಕ್ಟೋಬರ್‌ನಲ್ಲಿ ಮಾರುತಿಯದೇ ನೆಕ್ಸಾ ಶೋರೂಮಿಗೆ ಬಂದದ್ದು ಡಿಕ್ಕಿ ಹೊರಚಾಚದ ಹ್ಯಾಚ್‌ಬ್ಯಾಕ್: ಉದ್ದ 3,995 ಮಿ.ಮೀ., ಪೆಟ್ರೋಲ್ 1,197 ಸಿಸಿ, ಡೀಸೆಲ್ 1,248 ಸಿಸಿ. ಇದನ್ನು ನೀವು ‘ಎರಡನೇ ತಲೆಮಾರು’ ಎಂದಿದ್ದೀರಿ. ಪ್ಲಾಟ್‌ಫಾರ್ಮ್ (ಕಾರಿನ ತಳದ ಚೌಕಟ್ಟು) ಬೇರೆ, ಎಂಜಿನ್ ಬೇರೆ, ಬಾಡಿ ಬೇರೆ. ತಲೆಮಾರು ಎಲ್ಲಿಂದ ಬಂತು?

ಎಂಜಿನ್ 1,590ರಿಂದ 1,197 ಸಿಸಿಗೆ ‘ಇಳಿಯಿತು’ ಎಂದು ಮರುಗುವ ಪ್ಯಾರಾ ಪೂರ್ತಿ ಹೊಡೆದುಹಾಕಿ. ಅಲ್ಲಿ ಬರಬೇಕಾದದ್ದು ತೆರಿಗೆಯ ಲೆಕ್ಕ. ಕಾರು 4 ಮೀಟರ್ ಮೀರದೆ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದೆ ಇದ್ದರೆ ಸಣ್ಣ ಕಾರಿನ ಕಡಿಮೆ ತೆರಿಗೆ. 3,995 ಎಂಬ ಅಂಕಿ ನೋಡಿ: ಗೆರೆ ದಾಟಲು ಐದೇ ಮಿ.ಮೀ. ಬಾಕಿ. ಅಂಕಿ ಬರೆದಿದ್ದೀರಿ, ಅದು ಏನು ಹೇಳುತ್ತಿದೆ ಎಂದು ಕೇಳಿಲ್ಲ.

ಮೂರನೇ ಚಿತ್ರ ಸರಿ, ಅಡಿಬರಹ ತಪ್ಪು. ‘ಅಮೆರಿಕಕ್ಕೆ ಹೋದ ನಮ್ಮ ಎಸ್ಟೀಮ್’ ಅಂತೆ! ಅಮೆರಿಕದಲ್ಲಿ ಎಸ್ಟೀಮ್ ಹೆಸರಲ್ಲಿ ಮಾರಾಟವಾದದ್ದು ನಮ್ಮ ಹಳೆಯ ಬಲೆನೊ. ನಮ್ಮ ಎಸ್ಟೀಮ್ ಅಂದರೆ ಮಾರುತಿ 1000ರ ಬಾಡಿಗೆ 1.3 ಲೀಟರ್ ಎಂಜಿನ್ ಕೂರಿಸಿದ್ದು. ಇನ್ನು ಇಂಡೊನೇಷ್ಯಾ: ಇಲ್ಲಿ ಬಲೆನೊ ಜಾಗಕ್ಕೆ ಬಂದ ಎಸ್‌ಎಕ್ಸ್4 ಸೆಡಾನ್‌ಗೆ ಅಲ್ಲಿ ಇಟ್ಟ ಹೆಸರೇ ‘ನಿಯೊ ಬಲೆನೊ’. ಲೇಖನದ ಜೀವ ಇಲ್ಲಿದೆ, ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಇದಕ್ಕೆ ಮೂರು ಪ್ಯಾರಾ ಕೊಡಿ. ಜೊತೆಗೆ ಉಲ್ಟಾ ಉದಾಹರಣೆಯೂ ಇರಲಿ: 2019ರ ಟೊಯೊಟಾ ಗ್ಲಾನ್ಜಾ. ಹೆಸರು ಬೇರೆ, ಕಾರು ಅದೇ ಬಲೆನೊ.

ಮತ್ತೆ ಬರೆಯಲು ಕೂರುವ ಮುಂಚೆ ಒಂದು ಹಾಳೆಯಲ್ಲಿ ಐದು ಕಾಲಂ ಎಳೆಯಿರಿ: ಹೆಸರು, ದೇಶ, ವರ್ಷ, ಪ್ಲಾಟ್‌ಫಾರ್ಮ್, ಎಂಜಿನ್. ಎರಡು ಸಾಲುಗಳಲ್ಲಿ ಕೊನೆಯ ಎರಡು ಕಾಲಂ ತಾಳೆಯಾಗದಿದ್ದರೆ ‘ಸುಧಾರಿತ’, ‘ಬೆಳೆದು ಬಂದ’, ‘ಮರಳಿದ’ ಎಂಬ ಪದಗಳನ್ನು ಆ ಕಡೆಗೆ ಬಿಡಲೇಬೇಡಿ. ನಿಮ್ಮ ಸಾಲು: ‘2007ರಲ್ಲಿ ಮರೆಯಾದ ಬಲೆನೊ ಹೊಸ ರೂಪ ತಾಳಿ ಮರಳಿತು.’ ಹೀಗೆ ಬರೆಯಬಹುದಿತ್ತು: ‘2007ರಲ್ಲಿ ಬಿಟ್ಟ ಹೆಸರನ್ನು ಮಾರುತಿ 2015ರಲ್ಲಿ ಬೇರೊಂದು ಕಾರಿಗೆ ಅಂಟಿಸಿತು.’

ಇದು ಪದಗಳ ಜಗಳ ಅಂದುಕೊಳ್ಳಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ‘ಬಲೆನೊ ಕ್ಲಚ್ ಪ್ಲೇಟ್ ಕೊಡಿ’ ಎಂದರೆ ಯಾವ ವರ್ಷದ್ದು ಎಂದು ಕೇಳದೆ ಕೊಡಲಾಗದು. ಹಳೆಯದರ ಎಂಜಿನ್ ಜಿ16ಬಿ, ಹೊಸದರ ಪೆಟ್ರೋಲ್ ಕೆ12. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ನಿಮ್ಮ ಲೇಖನ ನಂಬಿ ಹಳೆಯ ಸೆಡಾನ್ ಕೊಳ್ಳುವವರು ‘ಹೇಗೂ ಹೊಸ ಬಲೆನೊ ಪಾರ್ಟು ಸಿಗುತ್ತಲ್ಲ’ ಎಂದುಕೊಂಡಾರು.

‘ಜನರ ಪ್ರೀತಿಗೆ ಮಣಿದು ಕಂಪನಿ ಹಳೆಯ ಹೆಸರಿಟ್ಟಿತು’ ಎಂಬುದಕ್ಕೆ ಕಂಪನಿಯ ಹೇಳಿಕೆ ಇದ್ದರೆ ಕಳಿಸಿ, ಇಲ್ಲದಿದ್ದರೆ ತೆಗೆಯಿರಿ. ಹೆಸರು ಮರುಬಳಕೆ ಎಡವಿದ್ದಕ್ಕೆ ಉದಾಹರಣೆ ಬೇಕಿದ್ದರೆ ಮಾರುತಿಯದೇ ಜೆನ್ ಇದೆ. ತಗ್ಗಾದ, ಚುರುಕಾದ ಕಾರಿನ ಹೆಸರನ್ನು 2006ರಲ್ಲಿ ಎತ್ತರದ ಎಸ್ಟಿಲೊಗೆ ಸೇರಿಸಿ ‘ಜೆನ್ ಎಸ್ಟಿಲೊ’ ಮಾಡಿದರು; 2009ರಲ್ಲಿ ‘ಜೆನ್’ ಬಿಟ್ಟು ಬರೀ ಎಸ್ಟಿಲೊ ಉಳಿಸಿದರು. ನಮಗೆ ಬಲೆನೊಗಿಂತ ಇದೇ ಹೆಚ್ಚು ರುಚಿಕರ.

ಮೊದಲ ಎರಡು ಪುಟದ ಬಾಲ್ಯದ ನೆನಪು ಬೇಡ, 1999ರಿಂದಲೇ ಶುರುಮಾಡಿ. ಪ್ರತಿ ಚಿತ್ರದ ಕೆಳಗೆ ದೇಶ ಮತ್ತು ವರ್ಷ ಎರಡೂ ಹಾಕಿ ಕಳಿಸಿ.

— ಸಂಪಾದಕ