ಮೂರು ಅಂಗಡಿ ಮುಚ್ಚಿದ್ದು ನೋಡಿ ಹುಬ್ಬಳ್ಳಿ ಬಂದ್ ಅನ್ನಬೇಡಿ

ಪ್ರಶ್ನೆ: ನಮ್ಮ ಅವ್ವನಿಗೆ 41ನೇ ವಯಸ್ಸಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಈಗ ಆರಾಮಿದ್ದಾರೆ. ಚಿಕ್ಕವ್ವ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಮೆರಿಕದಲ್ಲಿರುವ ತಮ್ಮ ಉಗುಳಿನಿಂದ ಜೀನ್ ನೋಡುವ ಪರೀಕ್ಷೆಯ ಕಿಟ್ ತಂದಿದ್ದ. ‘ಏನೂ ಸಿಕ್ಕಿಲ್ಲ’ ಅಂತ ರಿಪೋರ್ಟ್ ಬಂದಿದೆ. ನನಗೀಗ 36. ಇನ್ನು ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಬೇಡ ಅಲ್ವಾ ಡಾಕ್ಟರೇ? — ಗದಗಿನ ಓದುಗರು

ಬೇಕು. ಇದೇ ರಿಪೋರ್ಟ್ ಮೊಬೈಲಿನಲ್ಲಿ ಹಿಡಿದುಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳಲ್ಲಿ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಬದಲಾವಣೆಗಳು ಸಾವಿರಕ್ಕೂ ಹೆಚ್ಚಿವೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮನೆ ಕಿಟ್ಟಿಗೆ ಮೊದಲು ಒಪ್ಪಿಗೆ ಕೊಟ್ಟಾಗ ಅದು ನೋಡುತ್ತಿದ್ದದ್ದು ಮೂರೇ ಮೂರು. ಅವೂ ಹೆಚ್ಚಾಗಿ ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಲ್ಲಿ ಕಾಣುವಂಥವು. ಆಮೇಲೆ ಪಟ್ಟಿ ಬೆಳೆದಿದೆ, ಆದರೂ ಪೂರ್ತಿಯಲ್ಲ. ದುರ್ಗದಬೈಲಿನಲ್ಲಿ ಮೂರು ಅಂಗಡಿ ಬಾಗಿಲು ಹಾಕಿದ್ದು ನೋಡಿ ಇಡೀ ಹುಬ್ಬಳ್ಳಿ ಬಂದ್ ಅಂದರೆ ಹೇಗೆ?

ಇನ್ನೊಂದು ತಪ್ಪು: ಪರೀಕ್ಷೆ ನಿಮ್ಮಿಂದ ಶುರುವಾಗಬಾರದಿತ್ತು. ಕಾಯಿಲೆ ಬಂದದ್ದು ಅವ್ವನಿಗೆ. ಮೊದಲು ಅವರ ರಕ್ತ ಕೊಟ್ಟು ಎರಡೂ ಜೀನ್ ಪೂರ್ತಿ ಓದಿಸಿ, ಜೊತೆಗೆ ಇಂಥ ಬೇರೆ ಜೀನ್‌ಗಳನ್ನೂ. ಅವರಲ್ಲಿ ದೋಷ ಸಿಕ್ಕರೆ ಅದು ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅದೇ ದೋಷವನ್ನು ನಿಮ್ಮಲ್ಲಿ ಹುಡುಕಿ ಇಲ್ಲ ಅಂತ ಗೊತ್ತಾದರೆ, ಆಗ ನಿರಾಳವಾಗಿರಿ. ಅವ್ವನಲ್ಲೇ ಏನೂ ಸಿಗದಿದ್ದರೆ ನಿಮ್ಮ ‘ಇಲ್ಲ’ಕ್ಕೆ ಅಷ್ಟು ತೂಕವಿಲ್ಲ. ಮನೆತನದ ಇತಿಹಾಸ ಅಳಿಸಿ ಹೋಗುವುದಿಲ್ಲ.

ಅವ್ವನಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲೇ ತಪಾಸಣೆ ಶುರು ಮಾಡುವುದು ನಾವು ಹಿಡಿಯುವ ಲೆಕ್ಕ. ನಿಮ್ಮದು 31ಕ್ಕೇ ಆಗಬೇಕಿತ್ತು. ಈ ತಿಂಗಳೇ ಹೋಗಿ. ಎಂಆರ್‌ಐ ಕೂಡ ಬೇಕಾ ಅಂತ ಅಲ್ಲೇ ಕೇಳಿ.

ತಮ್ಮನೂ ಪರೀಕ್ಷೆಗೆ ಬರಬೇಕಾದೀತು. ಈ ದೋಷ ಗಂಡಸರಿಗೂ ಬರುತ್ತದೆ, ಅವರಿಂದ ಹೆಣ್ಣುಮಕ್ಕಳಿಗೂ ಹೋಗುತ್ತದೆ. ಹಾಂ, ಕಿಟ್ಟಿನಲ್ಲಿ ‘ದೋಷ ಇದೆ’ ಅಂತ ಬಂದರೂ ಆಸ್ಪತ್ರೆಯ ಲ್ಯಾಬಿನಲ್ಲಿ ಮತ್ತೊಮ್ಮೆ ಖಾತ್ರಿಯಾಗದೆ ನಾನಂತೂ ಯಾರಿಗೂ ಆಪರೇಷನ್ ಹೇಳುವುದಿಲ್ಲ.

ಸೋದರಮಾವನನ್ನೇ ಮದುವೆಯಾಗಿದ್ದೇನೆ. ಅದಕ್ಕೇ ಸ್ತನ ಕ್ಯಾನ್ಸರ್ ಬಂತಾ? — ಹಾವೇರಿ

ಅದಕ್ಕಲ್ಲ. ನಿಮ್ಮ ಮದುವೆ ನಿಮ್ಮ ಜೀನ್ ಬದಲಿಸುವುದಿಲ್ಲ.

ಕಷಾಯದಿಂದ ಜೀನ್ ದೋಷ ತೊಳೆದು ಹೋಗುತ್ತೆ ಅಂತಾರಲ್ಲ? — ಧಾರವಾಡ

ತೊಳೆದು ಹೋಗುವುದು ನಿಮ್ಮ ದುಡ್ಡು.

20 ವರ್ಷದಿಂದ ಗುಟ್ಕಾ ಇದೆ. ಜೀನ್ ಟೆಸ್ಟ್ ಮಾಡಿಸಲಾ? — ಹುಬ್ಬಳ್ಳಿ

ಸುಮ್ನೆ ದುಡ್ಡು ಕಳೆಯಬೇಡಿ. ಗುಟ್ಕಾ ಬಿಡಿ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ ಇದ್ದರೆ ನಾಳೆಯೇ ಬಂದು ತೋರಿಸಿ.