ಹಳೆಯ ರೈಫಲಿಗೆ ಹಳೆಯ ತೋಟಾ

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿರುವ ನನ್ನ ಅಣ್ಣ ಎರಡನೆಯ ಮಹಾಯುದ್ಧ ಕಾಲದ ಎಂ1 ಗ್ಯಾರಂಡ್ ರೈಫಲ್ ಕೊಂಡಿದ್ದಾರೆ. ಸೇನೆಯ ಹಳೆಯ ದಾಸ್ತಾನಿನ ತೋಟಾ ಹಾರಿಸಿ, ನಳಿಗೆಯನ್ನು ಎಣ್ಣೆಬಟ್ಟೆಯಿಂದ ಒರೆಸಿಟ್ಟರೂ ವಾರದೊಳಗೆ ತುಕ್ಕು ಹಿಡಿಯಿತಂತೆ. ಕಾರಣವೇನು?
– ಓದುಗರು, ಮಾಲೂರು, ಕೋಲಾರ ಜಿಲ್ಲೆ

ಉತ್ತರ: ತುಕ್ಕಿಗೆ ಕಾರಣ ಮದ್ದಲ್ಲ, ಪ್ರೈಮರ್, ಅಂದರೆ ತೋಟಾದ ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಚಿಕ್ಕ ಭಾಗ. ಆ ಕಾಲದ ಪ್ರೈಮರ್‌ನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣವಾಗಿ ನಳಿಗೆಯಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಭರಣಿಯ ಉಪ್ಪು ನೀರೊಡೆಯುವಂತೆ ಅದೂ ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಮಾತ್ರ ಕರಗುತ್ತದೆ. ಆದ್ದರಿಂದ ಹಾರಿಸಿದ ದಿನವೇ ನಳಿಗೆ, ಅದರ ಹಿಂಬದಿಯನ್ನು ಮುಚ್ಚುವ ಬೋಲ್ಟ್‌ನ ಮುಖ, ಗ್ಯಾಸ್ ಸಿಲಿಂಡರ್ (ಉರಿದ ಮದ್ದಿನ ಅನಿಲವನ್ನು ಹಿಡಿದು ಮುಂದಿನ ತೋಟಾ ತಾನಾಗಿ ಏರುವಂತೆ ಮಾಡುವ ರೈಫಲಿನ ಭಾಗ) ಇವನ್ನು ಬಿಸಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು. ಗ್ಯಾಸ್ ಸಿಲಿಂಡರನ್ನು ಅನೇಕರು ಮರೆಯುತ್ತಾರೆ.

ತೋಟಾದ ತಳದಲ್ಲಿ ಕಾರ್ಖಾನೆಯ ಗುರುತೂ ತಯಾರಾದ ವರ್ಷವೂ ಒತ್ತಿರುತ್ತವೆ. ಹಳೆಯ ಬಗೆಯ ಪ್ರೈಮರ್ ಇರಬಹುದೇ ಎಂದು ಊಹಿಸಲು ಕೊಳ್ಳುವ ಮುನ್ನ ಅವನ್ನು ಓದಲಿ. ಹಿತ್ತಾಳೆಯ ಕುತ್ತಿಗೆ ಬಿರಿದಿದ್ದರೆ, ಹಸಿರು ಕಿಲುಬು ಕಚ್ಚಿದ್ದರೆ ಖಂಡಿತ ಬಳಸಬಾರದು. ಹಾಗೆಂದು ಬೇಟೆಗೆಂದು ಮಾರುವ ಭಾರವಾದ ಗುಂಡಿನ ಹೊಸ ತೋಟಾವೂ ಇದಕ್ಕೆ ಹಿತವಲ್ಲ, ಏಕೆಂದರೆ ಈ ರೈಫಲ್ 150 ಗ್ರೇನ್ (ಸುಮಾರು 9.7 ಗ್ರಾಂ) ಆಸುಪಾಸಿನ ಗುಂಡಿಗೆ ಹೊಂದಿಕೊಂಡಿದ್ದು, ಅನಿಲದ ಒತ್ತಡ ಹೆಚ್ಚಿದರೆ ಅನಿಲದ ಬಲದಿಂದ ಬೋಲ್ಟನ್ನು ಹಿಂದೆ ಸರಿಸುವ ಆಪರೇಟಿಂಗ್ ರಾಡ್ ಎಂಬ ಸರಳು ಬಾಗಬಹುದು.

ಊರಿಗೆ ಬರುವಾಗ ನೆನಪಿಗೆಂದು ಒಂದು ತೋಟಾವನ್ನೂ ತರಬೇಡಿರೆಂದು ಅವರಿಗೆ ದಯವಿಟ್ಟು ತಿಳಿಸಿ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.