ಪೋರ್ಟ್ ಬ್ಲೇರಿಗೆ ತಬಲಾ ಒಯ್ಯಬೇಕೋ, ಬ್ಯಾಡೋ?

ಧಾರವಾಡದಿಂದ ಪೋರ್ಟ್ ಬ್ಲೇರಿಗೆ ಮೂರು ವರ್ಷಕ್ಕ ವರ್ಗ ಆಗೇದ, ದಿನಾ ತಬಲಾ ರಿಯಾಜ್ ಮಾಡೋ ರೂಢಿ ಅದ, ಅಲ್ಲೆ ಕನ್ನಡದವರು ಸಿಗ್ತಾರೋ ಇಲ್ಲೋ, ತಬಲಾ ಇಲ್ಲೇ ಬಿಟ್ಟು ಹೋಗ್ಲೋ ಅಂತ ಕೇಳೀರಿ. ನಾನೂ ಇದನ್ನೇ ತಲ್ಯಾಗ ಹಾಕ್ಕೊಂಡು ಹೋದಾಂವ. ತಬಲಾ ಒಯ್ರಿ. ಗೆಳೆಯರ ಚಿಂತಿ ಆಮ್ಯಾಲ ಮಾಡೂಣು, ಮೊದಲು ತೇವದ ಚಿಂತಿ ಮಾಡ್ರಿ.

ಧಾರವಾಡಕ್ಕ ವರ್ಷಕ್ಕ ಸುಮಾರು 800 ಮಿ.ಮೀ. ಮಳಿ. ಪೋರ್ಟ್ ಬ್ಲೇರಿಗೆ (2024ರ ಸೆಪ್ಟೆಂಬರ್‌ನಿಂದ ಸರ್ಕಾರಿ ಹೆಸರು ಶ್ರೀ ವಿಜಯಪುರಂ) 3,000 ಮಿ.ಮೀ. ಆಸುಪಾಸು. ಮುಂಗಾರು ಮೇ ತಿಂಗಳದಾಗ ಹಿಡೀತು ಅಂದ್ರ, ಹಿಂಗಾರು ಕೂಡಿ ಡಿಸೆಂಬರ್ ತನಕ ಬಿಡೂದಿಲ್ಲ. ಗಾಳಿಯೊಳಗಿನ ತೇವ ಶೇ. 80ರ ಮ್ಯಾಲ ಇರೋದು ಅಲ್ಲೆ ಮಾಮೂಲು. ನಮ್ಮ ಕಡೆ ಫೆಬ್ರವರಿ, ಮಾರ್ಚ್ ಮಧ್ಯಾಹ್ನದಾಗ ಅದು 30ರ ಹತ್ತರ ಇಳೀತದ. ಈ ಎರಡರ ನಡುವಿನ ಅಂತರನ ತಬಲಾ ಹರೀತದ. ನನ್ನ ಒಂದು ಕಾಳಿ ಒಂದರ (ಹಾರ್ಮೋನಿಯಂನ ಮೊದಲನೇ ಕರೀ ಪಟ್ಟಿಯ ಸ್ವರದ) ತಬಲಾ ಹೋಗಿದ್ದು ಇದಕ್ಕ, ಹಂಗಾಗಿ ಈ ಭಾಗ ಸ್ವಲ್ಪ ಉದ್ದ ಆಗ್ತದ.

ಚರ್ಮ ತೇವ ಕುಡದ್ರ ಸಡಲ ಆಗ್ತದ, ಸ್ವರ ಇಳೀತದ. ಅರ್ಧ ಸ್ವರ ಇಳಿಯೋದು ಒಂದು ರಾತ್ರಿಯ ಮಾತು. ಬಾರಿಸೋರು ಏನ್ ಮಾಡ್ತಾರ? ಹತೋಡಿ ತಗೊಂಡು ಗಜರಾದ (ಬಾಯಿಯ ಸುತ್ತ ಹೆಣದ ದಪ್ಪ ಚರ್ಮದ ಅಂಚಿನ) ಮ್ಯಾಲ ಹೊಡೀತಾರ. ಅದಕ್ಕೂ ಏರಲಿಲ್ಲ ಅಂದ್ರ ಗಟ್ಟಾ (ಬಾಜೂಕಿನ ಬದ್ದಿ, ಅಂದ್ರ ಬಿಗಿಯೋ ಚರ್ಮದ ಪಟ್ಟಿ, ಅದರ ಒಳಗ ಸಿಗಸಿದ ಕಟ್ಟಿಗಿ ತುಂಡು) ಕೆಳಗ ಇಳಸ್ತಾರ. ಸ್ವರ ಬರ್ತದ, ಖುಷಿ ಆಗ್ತದ. ಆದ್ರ ಆ ಸ್ವರ ತೊಯ್ದ ಚರ್ಮಾನ ಜಗ್ಗಿ ತಂದದ್ದು. ಅದೇ ತಬಲಾ ಮರುದಿನ ಏಸಿ ರೂಮಿಗೆ ಹೋತು, ಇಲ್ಲಾ ರಜಾದಾಗ ಧಾರವಾಡಕ್ಕ ಬಂತು ಅಂತ ತಿಳ್ಕೊಳ್ರಿ. ಚರ್ಮ ಒಣಗಿ ಕುಗ್ಗಾಕ ನೋಡ್ತದ, ಬದ್ದಿ ಬಿಡೂದಿಲ್ಲ. ತೊಯ್ದ ಚಪ್ಪಲಿ ಒಣಗಿ ಕಾಲು ಹಿಚಕಿದಂಗ. ಮೊದಲೇ ಜಗ್ಗಿದ್ದರ ಮ್ಯಾಲ ಇನ್ನೊಂದು ಜಗ್ಗು ಬೀಳ್ತದ, ಚರ್ಮ ಕಿನಾರದ (ಹೊರಗಿನ ಸುತ್ತಿನ) ಅಂಚಿನಾಗ ಕಟ್ಟಿಗಿಯ ಬಾಯಿಗೆ ತಾಗೋ ಕಡೆ ಸೀಳ್ತದ. ಯಾರೂ ಮುಟ್ಟದೆ, ಗಂವ್ವನ್ನೋ ರಾತ್ರಿಯೊಳಗ ‘ಫಟ್’ ಅಂತ ಹೋಗೋದೂ ಉಂಟು. ಬೆಳಗ್ಗೆ ಎದ್ದು ನೋಡಿ “ಪುಡಿ (ಬಾಯಿಗೆ ಹಾಕೋ ಚರ್ಮದ ಮುಚ್ಚಳ) ಹಾಕಿದಾಂವ ಹಳೇ ಚರ್ಮ ಹಾಕ್ಯಾನ” ಅಂತ ಆತನ್ನ ಬೈತಾರ. ಆತಂದೇನೂ ತಪ್ಪಿರೂದಿಲ್ಲ. ಹೊಸಾ ಚರ್ಮಾನೂ ಹಿಂಗ ಮಾಡಿದ್ರ ಹರೀತದ, ಹೊಸಾದು ಇನ್ನೂ ಲಗೂನ ಹರೀತದ, ಯಾಕಂದ್ರ ಅದು ಇನ್ನೂ ಕುಂತಿರೂದಿಲ್ಲ.

ಅದಕ್ಕ ಅಲ್ಲೆ ಮೊದಲು ಒಣಗಸೋದು, ಆಮ್ಯಾಲ ಸ್ವರ ಹಚ್ಚೋದು. ಸ್ವರ ಇಳದದ ಅಂದ ಕೂಡಲೇ ಹತೋಡಿಗೆ ಕೈ ಹಾಕಬ್ಯಾಡ್ರಿ. ತಬಲಾ ಬೆಚ್ಚಗಿನ ಕಪಾಟಿನಾಗ ಎರಡು ಮೂರು ತಾಸು ಇಡ್ರಿ, ಸ್ವರ ತಾನ ಅರ್ಧ ದಾರಿ ಏರಿ ಬರ್ತದ. ಉಳಿದದ್ದಕ್ಕ ಗಜರಾದ ಮ್ಯಾಲ ಸಣ್ಣ ಪೆಟ್ಟು: 16 ಮನಿಯೊಳಗ (ಬದ್ದಿ ಬದ್ದಿ ನಡುವಿನ ಜಾಗದೊಳಗ) ಒಂದನೇದಕ್ಕ ಹೊಡದ್ರ ಮುಂದಿಂದು ಎದುರಿನ ಒಂಬತ್ತನೇದು, ಆಮ್ಯಾಲ ಐದು, ಹದಿಮೂರು. ಒಂದೇ ಬಾಜೂಕ ಸುತ್ತ ಹೊಡಕೊಂತ ಹೋದ್ರ ಪುಡಿ ಸೊಟ್ಟ ಕೂಡ್ತದ. ಗಟ್ಟಾ ಮುಟ್ಟೋದು ಕಡೀಗೆ. ಬಾರಿಸಿ ಮುಗದ ಮ್ಯಾಲ ಗಜರಾಕ ಕೆಳಗಿಂದ ಮ್ಯಾಲಕ ನಾಕು ಪೆಟ್ಟು ಹಾಕಿ ಅರ್ಧ ಸ್ವರ ಇಳಿಸಿಡ್ರಿ. ಇಲ್ಲೆ ಈ ರೂಢಿ ಯಾರಿಗೂ ಇಲ್ಲ, ಬೇಕಾಗಿಯೂ ಇಲ್ಲ. ಅಲ್ಲೆ ಬೇಕು. ಗ್ಯಾಸಿನ ಒಲಿ ಮುಂದ ಹಿಡದು ಕಾಸೋದು ಮಾತ್ರ ಬ್ಯಾಡ. ಚರ್ಮ ಒಂದೇ ಕಡೆ ಒಣಗ್ತದ, ಶಾಯಿ (ಚರ್ಮದ ಮ್ಯಾಲಿನ ಕರೀ ದುಂಡ) ಬಿರಕ ಬಿಡ್ತದ.

ಬೆಚ್ಚಗಿನ ಕಪಾಟು ಅಂದ್ರ ದೊಡ್ಡದೇನಲ್ಲ. ಕಟ್ಟಿಗಿ ಕಪಾಟಿನ ತಳದಾಗ 15 ವ್ಯಾಟಿನ ಹಳೇ ನಮೂನಿ ತಂತಿ ಬಲ್ಬು, ಪಿಂಗಾಣಿ ಹೋಲ್ಡರ್, ಸುತ್ತಲೂ ತಂತಿ ಜಾಳಿಗಿ. ಎಲ್‌ಇಡಿ ಹಾಕಿದ್ರ ಉಪಯೋಗ ಇಲ್ಲ, ಅದು ಕಾಯೂದಿಲ್ಲ. ಬಲ್ಬಿನಿಂದ ಬಟ್ಟಿ, ಚರ್ಮ ಎಲ್ಲಾ ಒಂದು ಅಡಿ ದೂರ. ಕಪಾಟಿನ ಮ್ಯಾಲಿನ ಅಂಚಿಗೆ ಹೆಬ್ಬೆರಳಿನಷ್ಟು ಎರಡು ತೂತು. ಇದರ ಲೆಕ್ಕ ಹಿಂಗ: ಹೊರಗ 28 ಡಿಗ್ರಿ, ತೇವ ಶೇ. 85 ಇದ್ದಾಗ ಅದೇ ಗಾಳಿ ಕಪಾಟಿನೊಳಗ 33 ಡಿಗ್ರಿ ಆದ್ರ ತೇವ 64ಕ್ಕ ಬರ್ತದ. ಬೂಷ್ಟು ಬೆಳಿಯೋದು 70ರ ಮ್ಯಾಲ. ಐದು ಡಿಗ್ರಿ ಸಾಕು. ಹಗಲು ರಾತ್ರಿ ಹಚ್ಚಿಟ್ರೂ ತಿಂಗಳಿಗೆ 11 ಯುನಿಟ್ ಕರೆಂಟು. ಒಳಗೊಂದು ಅಗ್ಗದ ಡಿಜಿಟಲ್ ತೇವಮಾಪಕ ಇಡ್ರಿ. 55ರಿಂದ 65ರ ನಡುವ ಇದ್ರ ಚೊಲೊ. 50ಕ್ಕಿಂತ ಕೆಳಗ ಹೋತಂದ್ರ ಬಲ್ಬು ಆರಿಸ್ರಿ, ಇಲ್ಲಂದ್ರ ಮತ್ತ ಅದೇ ಬಿಗಿಯೋ ಕಥಿ.

ಪ್ಲಾಸ್ಟಿಕ್ ಚೀಲದಾಗ ಹಾಕಿ ಬಾಯಿ ಕಟ್ಟಿಡೋದು ಎಲ್ಲಾರೂ ಕೊಡೋ ಸಲಹೆ, ಎಲ್ಲಾರೂ ಕೊಡೋ ಕೆಟ್ಟ ಸಲಹೆ. ಚರ್ಮದಾಗಿನ ತೇವ ಚೀಲದೊಳಗ ಉಳೀತದ, ವಾರದೊಳಗ ಲವದ (ಕಿನಾರ, ಶಾಯಿ ನಡುವಿನ ಚರ್ಮದ) ಮ್ಯಾಲ ಹಸರು ಚುಕ್ಕಿ ಬರ್ತಾವ, ಶಾಯಿಯ ಗಂಜಿ ಮೆತ್ತಗಾಗಿ ಕಾಳು ಬಿಡ್ತದ, ‘ತಿನ್’ ಬಾರಿಸಿದ್ರ ಝರ್ ಅಂತದ. ಹತ್ತಿಯ ಗವಸು ಹಾಕ್ರಿ, ರೆಕ್ಸಿನ್ ಬ್ಯಾಡ. ಸಿಲಿಕಾ ಜೆಲ್ ಹಾಕೋದಿದ್ರ ಕೇಸರಿ ಬಣ್ಣದ್ದು ತರ್ರಿ, ಒಂದೊಂದಕ್ಕ ನೂರು ಗ್ರಾಂ. ಅದು ಹಸರಿಗೆ ತಿರುಗಿದಾಗ ಓವನ್ನಿನಾಗ 120 ಡಿಗ್ರಿಗೆ ಎರಡು ತಾಸು ಇಟ್ರ ಮತ್ತ ಕೇಸರಿ ಆಗ್ತದ. ನೀಲಿಯದರಾಗ ಕೋಬಾಲ್ಟ್ ಇರ್ತದ, ಅಡಗಿ ಮನಿಯಾಗ ಅದನ್ನ ಕಾಸಬಾರದು. ಪೌಡರ್ ಕೈಗೆ ಕಮ್ಮಿ ಹಚ್ರಿ. ತೇವಕ್ಕ ಅದು ಹಿಟ್ಟಾಗಿ ಶಾಯಿ ಬಿರಕಿನಾಗ ಕೂಡ್ತದ. ಡಗ್ಗಾ (ಎಡಗೈಯಿಂದ ಬಾರಿಸೋದು) ತಾಮ್ರದ್ದಾದ್ರ ಬಾರಿಸಿದ ಕೂಡಲೇ ಒಣ ಅರಬಿಯಿಂದ ಒರಸ್ರಿ, ಬೆವರಿನ ಉಪ್ಪು, ಸಮುದ್ರದ ಉಪ್ಪು ಎರಡೂ ಕೂಡಿ ಲಗೂನ ಹಸರು ಕಟ್ಟಸ್ತಾವ.

ಇನ್ನ ಹುಬ್ಬಳ್ಳಿ-ಧಾರವಾಡ ಬಿಡೂಕಿಂತ ಮೊದಲು ಮಾಡೋದು: ನಿಮ್ಮ ತಬಲಾ ಎತ್ತಿಕೊಂಡು ಹೋಗಿ ಅದರ ಬಾಯಿಗೇ ಅಳತಿ ಕೊಟ್ಟು ಎರಡು ಪುಡಿ ಹೆಚ್ಚಿಗಿ ಮಾಡಸ್ರಿ. ‘5¼ ಇಂಚು’ ಅಂತ ಬಾಯಿಲೆ ಹೇಳಿ ತರಿಸಿದ್ದು ಕೂಡೂದಿಲ್ಲ. ಅಲ್ಲೆ ಪುಡಿ ಹಾಕೋರು ಸಿಗ್ತಾರ ಅಂತ ನಂಬಿ ಹೋಗಬ್ಯಾಡ್ರಿ. ಒಂದು ಜೋಡಿ ಬದ್ದಿನೂ ಇರ್ಲಿ. ನನ್ನ ಕೇಳಿದ್ರ ಇನ್ನೂ ಒಂದು ಹೆಜ್ಜಿ ಮುಂದ ಹೋಗಿ ಬೋಲ್ಟಿನ ತಬಲಾ (ಬದ್ದಿ ಬದಲು ಬೋಲ್ಟಿನಿಂದ ಬಿಗಿಯೋದು) ಒಯ್ರಿ ಅಂತೀನಿ. ನಮ್ಮ ಕಡೆ ಹಿರೇರು ಅದನ್ನ ನೋಡಿ ಮೂಗು ಮುರೀತಾರ, ಮುರೀಲಿ. ಪಾನಾ ತಗೊಂಡು ನೀವೇ ಪುಡಿ ಬದಲಸಬಹುದು, ದಿನಾ ಸಡಲ ಮಾಡಿಡಬಹುದು. ಬೋಲ್ಟು ಸ್ಟೇನ್‌ಲೆಸ್ ಇರಬೇಕು. ಕಬ್ಬಿಣದ್ದಾದ್ರ ಒಂದು ಮಳಿಗಾಲಕ್ಕ ಜಂಗು ಹಿಡದು ಕಚ್ಚಿ ಕೂಡ್ತಾವ. ಎಳಿಗೆ ಒಂದೀಟು ವ್ಯಾಸಲೀನ್ ಹಚ್ಚಿಟ್ರ ತಿರುಗ್ತಾವ.

ಒಯ್ಯೋದು ವಿಮಾನದಾಗ. ಜೋಡಿ ಏಳೆಂಟು ಕಿಲೋ ಆಗ್ತದ, ಅಂದ್ರ 15 ಕಿಲೋ ಲಗೇಜಿನಾಗ ಅರ್ಧ ಹೋತು. ಹಡಗು ಚೆನ್ನೈನಿಂದ ಮೂರು ದಿನದ ಹಾದಿ, ಆ ಉಪ್ಪು ಗಾಳಿಯೊಳಗ ಅಷ್ಟು ಹೊತ್ತು ಯಾಕ ಇಡಬೇಕು? ಕೊಡೋಕಿಂತ ಮೊದಲು ಒಂದು ಸ್ವರ ಇಳಿಸಿ, ಎರಡರ ಬಾಯಿಗೂ ದಪ್ಪ ರಟ್ಟು ಇಟ್ಟು, ಗಟ್ಟಿ ಪೆಟ್ಟಿಗ್ಯಾಗ ಹಾಕಿ ಕೊಡ್ರಿ. ಅಲ್ಲೆ ಇಳದ ಮ್ಯಾಲ ಒಂದು ದಿನ ಪೆಟ್ಟಿಗಿ ತಗದಿಟ್ಟು, ಮರುದಿನ ಬಾರಿಸ್ರಿ.

ಈಗ ಗೆಳೆಯರ ಸುದ್ದಿ. ನಿಮ್ಮ ಪ್ರಶ್ನೇನ ಸರಿ ಇಲ್ಲ ಅಂತ ನನಗ ಅನಸ್ತದ. ಕನ್ನಡದವರು ಎಷ್ಟು ಮಂದಿ ಅಂತ ಎಣಸಾಕ ಹೋಗಬ್ಯಾಡ್ರಿ. ಸಿಗೋ ಕನ್ನಡದವರು ಭಾಳ ಮಂದಿ ನಿಮ್ಮಂಗ ವರ್ಗಾ ಆಗಿ ಬಂದವರು, ನೀವು ಹಚ್ಚಿಕೊಳ್ಳೂದ್ರಾಗ ಅವರ ಆರ್ಡರ್ ಬಂದಿರ್ತದ. ಅಲ್ಲೇ ನೆಲಸಿದವರನ್ನ ಹಿಡೀರಿ. ದೇಶದ ಫಾಳಣಿ (ವಿಭಜನೆ) ಆದ ಮ್ಯಾಲ ಬಂದು ನೆಲಸಿದ ಬಂಗಾಳಿಗಳು, ತಮಿಳರು, ತೆಲುಗರು, ಮಲಯಾಳಿಗಳು, ಛೋಟಾನಾಗಪುರದಿಂದ ಬಂದ ‘ರಾಂಚಿ’ ಮಂದಿ, ಎಲ್ಲಾರ ನಡುವಿನ ಮಾತು ಹಿಂದಿ. ನಮ್ಮ ಹುಬ್ಬಳ್ಳಿ ಹಿಂದಿ ಧಾರಾಳ ನಡೀತದ.

ಬಂಗಾಳಿ ಮನಿಯೊಳಗ ಹಾರ್ಮೋನಿಯಂ ಇದ್ದೇ ಇರ್ತದ, ಹಾಡೋ ಹುಡಿಗ್ಯಾರು ಇರ್ತಾರ, ತಬಲಾ ಸಾಥಿಗೆ ಕೊರತಿ. ದುರ್ಗಾಪೂಜಾ ಬರೂಕಿಂತ ತಿಂಗಳ ಮೊದಲು ನಿಮಗ ತಬಲಾ ಬರ್ತದ ಅಂತ ನಾಕು ಮಂದಿಗೆ ಗೊತ್ತಾದ್ರ ಸಾಕು. ಆದ್ರ ಧಾರವಾಡದ ಠೀವಿ ಅಲ್ಲೆ ಬ್ಯಾಡ. ನಿಧಾನ ಖ್ಯಾಲಿನ ವಿಲಂಬಿತ ಏಕತಾಲ ಯಾರೂ ಕೇಳಂಗಿಲ್ಲ, ಹಗರ ಹಾಡಿನ ತಾಲ ದಾದ್ರಾ, ಕೆಹರವಾ ಸಾಫ್ ಇರಬೇಕು. ಒಂದು ಕಡೆ ನಮ್ಮವರು ಜರೂರ ಸಿಕ್ಕಿಬೀಳ್ತಾರ: ರವೀಂದ್ರ ಸಂಗೀತದ ಷಷ್ಠಿ ತಾಲ. ಮಾತ್ರೆ (ತಾಲದ ಎಣಿಕಿ) ಆರು, ಹಂಗಾಗಿ ಕೈ ತಾನ ದಾದ್ರಾಕ್ಕ ಹೋಗ್ತದ. ದಾದ್ರಾದ ವಿಭಾಗ ಮೂರು-ಮೂರು, ಷಷ್ಠಿಯದು ಎರಡು-ನಾಕು. ದಾದ್ರಾ ಹಿಡದ್ರ ಹಾಡೋರು ತಡವರಿಸಿ ನಿಮ್ಮ ಮಾರಿ ನೋಡ್ತಾರ. ಅದರಂಗ ಝಂಪಕ, ಐದು ಮಾತ್ರೆ, ಮೂರು-ಎರಡು. ಹೋಗೋಕಿಂತ ಮೊದಲು ಈ ಎರಡು ಠೇಕಾ (ತಾಲದ ಮೂಲ ಬೋಲು) ಕೈಗೆ ಹತ್ತಿಸ್ಕೊಂಡು ಹೋಗ್ರಿ, ಹತ್ತು ಪರಿಚಯಪತ್ರಕ್ಕಿಂತ ಹೆಚ್ಚು ಕೆಲಸ ಮಾಡ್ತಾವ.

ಹೊತ್ತಿನ ಲೆಕ್ಕಾನೂ ತಿಳ್ಕೊಳ್ರಿ. ಗಡಿಯಾರ ಒಂದೇ, ಸೂರ್ಯ ಮಾತ್ರ ಹುಬ್ಬಳ್ಳಿಗಿಂತ ಒಂದು ತಾಸು ಹತ್ತು ನಿಮಿಷ ಮುಂದ. ಡಿಸೆಂಬರಿನಾಗ ಐದಕ್ಕ ಮುಳುಗ್ತಾನ, ಜೂನಿನಾಗ ಬೆಳಗ್ಗೆ ಐದಕ್ಕ ಎದ್ದಿರ್ತಾನ. ಆಫೀಸು ಬಿಟ್ಟು ಬೀಚಿಗೆ ಹೋಗ್ತೀನಿ ಅನ್ನೋರು ಕತ್ತಲಿ ನೋಡಿ ಬರ್ತಾರ, ಮರಳು ನೊಣ ಕಡಿಸ್ಕೊಂಡು ವಾರಗಟ್ಟಲೆ ಕೆರಕೋತಾರ. ಈಜು, ಓಟ, ಸ್ನಾರ್ಕ್ಲಿಂಗ್ ಇವೆಲ್ಲಾ ಆಫೀಸಿಗಿಂತ ಮೊದಲು ಅಥವಾ ಐತವಾರ. ಮೊಸಳಿ ಬೋರ್ಡು ಇದ್ದಲ್ಲೆ, ಮ್ಯಾಂಗ್ರೋವ್ ಹಳ್ಳ ಸಮುದ್ರ ಸೇರೋ ಕಡೆ, ಮೊಣಕಾಲ ನೀರಿಗೂ ಇಳೀಬ್ಯಾಡ್ರಿ. ಹವಳ ಸತ್ತದ್ದಿದ್ರೂ ಎತ್ತಬ್ಯಾಡ್ರಿ, ಏರ್‌ಪೋರ್ಟಿನಾಗ ಹಿಡೀತಾರ. ಸಂಜೀ ಉದ್ದ ಇರ್ತದ, ಕತ್ತಲಿ ಇರ್ತದ, ರಿಯಾಜಿಗೆ ಅದಕ್ಕಿಂತ ಚೊಲೊ ಹೊತ್ತು ಧಾರವಾಡದಾಗೂ ಇಲ್ಲ. 2020ರ ಆಗಸ್ಟಿನಾಗ ಚೆನ್ನೈನಿಂದ ಸಮುದ್ರದ ಕೇಬಲ್ ಬಂದ ಮ್ಯಾಲ ಇಂಟರ್‌ನೆಟ್ ಸುಧಾರಿಸೇದ, ಗುರುಗಳ ಕೂಡ ವಿಡಿಯೋ ಪಾಠ ಆಗ್ತದ. ಕೂಡಿ ಬಾರಿಸೋದು ಆಗೂದಿಲ್ಲ, ಲಯ ಹಿಂದ ಬೀಳ್ತದ. ರೆಕಾರ್ಡ್ ಮಾಡಿ ಕಳಸೋದೇ ಬರೋಬ್ಬರಿ.

ಗೆಳೆತನ ಗಟ್ಟಿ ಆಗೋ ಇನ್ನೊಂದು ಹಾದಿ ‘ಮೇನ್‌ಲ್ಯಾಂಡ್’ನಿಂದ ಸಾಮಾನು ತರೋದು. ನೀವು ಊರಿಗೆ ಹೊಂಟೀರಿ ಅಂತ ಗೊತ್ತಾದ್ರ ಒಬ್ಬರಿಗೆ ಔಷಧ, ಒಬ್ಬರಿಗೆ ಮಿಕ್ಸರ್ ಬಿಡಿಭಾಗ. ಎರಡು ಕಿಲೋ ಜಾಗ ಖಾಲಿ ಇಟ್ಕೊಂಡೇ ಟಿಕೆಟ್ ತಗೀರಿ. ಮುಂದ ನಿಮ್ಮ ಪುಡಿ ಹರಿದಾಗ ಚೆನ್ನೈನಿಂದ ತರೋರು ಅವರೇ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರ ಎಲ್ಲಾ ಧಾರವಾಡದವರೂ ಚೀಲ ತುಂಬ ಜೋಳದ ಹಿಟ್ಟು ಒಯ್ತಾರ. ಕಾಳು ಒಯ್ರಿ. ಹಿಟ್ಟು ಮೂರು ವಾರಕ್ಕ ಜಿಗಿ ಕಳಕೊಂಡು ರೊಟ್ಟಿ ಬಡಿಯೂದ್ರಾಗ ಹರೀತದ, ತೇವಕ್ಕ ಮುಗ್ಗಲ ವಾಸನಿನೂ ಬರ್ತದ. ಕಾಳು ಎರಡು ಬಿಸಲು ಒಣಗಿಸಿ, ಪೂರಾ ಆರಿದ ಮ್ಯಾಲ ಡಬ್ಬಿ ಕಂಠಮಟ ತುಂಬಸ್ರಿ, ಅರ್ಧ ಡಬ್ಬಿ ಗಾಳಿ ಇದ್ರ ಹುಳಕ್ಕ ಆಮಂತ್ರಣ. ಸಣ್ಣ ಮನಿ ಗಿರಣಿಯೊಳಗ ವಾರಕ್ಕ ಬೇಕಾದಷ್ಟೇ ಬೀಸ್ರಿ. ಹಿಟ್ಟು ಹಳೇದಾಗೇ ಬಿಟ್ರ ಅರ್ಧ ಹಿಟ್ಟಿಗೆ ಕುದಿಯೋ ಎಸರು ಸುರದು ಮುಚ್ಚಿಟ್ಟು, ಉಗುರುಬೆಚ್ಚಗಾದ ಮ್ಯಾಲ ಉಳಿದರ್ಧ ಕೂಡಿಸಿ ನಾದ್ರಿ. ಖಡಕ್ ರೊಟ್ಟಿ ಬಿಗಿ ಮುಚ್ಚಳದ ಡಬ್ಬಿಯೊಳಗ ಇಡ್ರಿ, ಮೆತ್ತಗಾದ್ವಂದ್ರ ಸಣ್ಣ ಉರಿ ಹಂಚಿನ ಮ್ಯಾಲ ಎರಡು ಮಗ್ಗಲ ಕಾಸಿದ್ರ ಮತ್ತ ಖಡಕ್. ಶೇಂಗಾ ಹಿಂಡಿ ಫ್ರಿಜ್ಜಿನಾಗ.

ಕಡೀ ಮಾತು: ರಜಾಕ್ಕ ಊರಿಗೆ ಬರುವಾಗ ತಬಲಾ ಅಲ್ಲೇ ಕಪಾಟಿನಾಗ ಬಿಟ್ಟು ಬರ್ರಿ, ಒಂದು ಸ್ವರ ಇಳಿಸಿ. ವರ್ಗ ಮುಗಿಸಿ ಪೂರಾ ತರೋದಿದ್ರ ಜುಲೈ, ಆಗಸ್ಟಿನಾಗ ತರ್ರಿ, ಆಗ ಧಾರವಾಡದ ಗಾಳಿನೂ ತೊಯ್ದಿರ್ತದ. ಫೆಬ್ರವರಿನಾಗ ಬರೋದೇ ಆದ್ರ ಗಟ್ಟಾ ಎಂಟೂ ಪೂರಾ ಮ್ಯಾಲಕ ಏರಿಸಿ, ಹದಿನೈದು ದಿನ ಗವಸಿನಾಗ ಬಿಟ್ಟು, ಆಮ್ಯಾಲ ದಿನಕ್ಕ ಸ್ವಲ್ಪ ಸ್ವಲ್ಪ ಸ್ವರಕ್ಕ ತರ್ರಿ.